ಕಲ್ಲುಬೆಣ್ಣೆ

ಆಗಸ್ಟ್ 19, 2024. ಸೋಮವಾರ

ಟ್ಯೂಬು ನೋಡಿದೆ. ಎಲ್ಲವೂ ತಿಳಿ. ಕಳೆದ ಸೋಮವಾರವೂ ಹೀಗೇ ಇತ್ತು, ಅದರ ಹಿಂದಿನ ಸೋಮವಾರವೂ. ರಿಜಿಸ್ಟರಿನಲ್ಲಿ ‘ನೋ ಗ್ರೋತ್’ ಎಂದು ಬರೆದೆ. ಒಂದು ರಬ್ಬರ್ ಸ್ಟಾಂಪ್ ಮಾಡಿಸಿಕೊಳ್ಳುವುದು ವಾಸಿ.

ಬೆಳಿಗ್ಗೆ ಹೊರಡುವಾಗ ಮನೆ ಓನರ್ ಕೃಷ್ಣಮ್ಮ ಗೇಟಿನ ಹತ್ತಿರ ಹಿಡಿದುಕೊಂಡರು. ಅಂಗಳಕ್ಕೆ ನೀರು ಹಾಕುತ್ತಿದ್ದವರು ಚೊಂಬು ಕೆಳಗಿಟ್ಟೇ ಕೇಳಿದರು.

“ಅಲ್ಲ ಕಣವ್ವಾ ಶಿವಗಂಗಾ, ದಿನಾ ಓಗ್ತೀಯ, ಬತ್ತೀಯ. ಅದೇನ್ ಕೆಲ್ಸ ಮಾಡ್ತೀಯ ಅಂತ ನನ್ ಮಗ ಕೇಳ್ತಾನೆ, ನಂಗೆ ಯೇಳಕ್ಕೇ ಬರಾಕಿಲ್ಲ.”

ಹೇಳಿದೆ. ಮಂಗಳ ಗ್ರಹದ ಮೇಲ್ಗಡೆ ಕೊರೆಯುವ ಚಳಿ, ವಿಕಿರಣ, ಏನೂ ಬದುಕುವ ಹಾಗಿಲ್ಲ. ಜೀವ ಅಂತ ಇದ್ದರೆ ಒಳಗೆ ಗುಹೆಗಳಲ್ಲಿ ಅಡಗಿರಬೇಕು. ಅಲ್ಲಿಗೆ ಹೋಗಲು ಆಗುವುದಿಲ್ಲ. ಅದಕ್ಕೆ ಇಲ್ಲಿನ ಗುಹೆಗಳಲ್ಲಿ ಕಣ್ಣಿಗೆ ಕಾಣದ ಹುಳ ಕಲ್ಲಿನ ಮೇಲೆ ಎಂಥ ಗುರುತು ಬಿಡುತ್ತದೆ ಎಂದು ಕಲಿತುಕೊಳ್ಳುವುದು. ನಾಳೆ ಅಲ್ಲಿನ ಕಲ್ಲು ನೋಡಿದಾಗ ಗೊತ್ತಾಗಲಿ ಅಂತ.

“ಹುಳ ನೋಡಕ್ಕೆ ಅಷ್ಟು ದೂರ ಯಾಕವ್ವಾ? ನಮ್ ಸಂಪ್ನಾಗೇ ಔವೆ, ಬಾ.”

ಬಸ್ಸಿನಲ್ಲಿ ನಿಂತುಕೊಂಡು ನಕ್ಕೆ. ಹೊಸೂರು ರೋಡಿನ ಜಾಮಿನಲ್ಲಿ ನಗು ಬಂದದ್ದು ಬಹಳ ದಿನದ ಮೇಲೆ. ಆಮೇಲೆ ಅನ್ನಿಸಿತು — ಕೃಷ್ಣಮ್ಮನ ನೀರಿನ ಸಂಪಿನಲ್ಲಿ ಇರುವಷ್ಟೂ ನನ್ನ ಟ್ಯೂಬಿನಲ್ಲಿ ಇಲ್ಲವಲ್ಲ.

ಸೆಪ್ಟೆಂಬರ್ 8. ಭಾನುವಾರ

ಭೀಮಪ್ಪ ಮಾಮಾನ ಫೋನ್. ಮಾಮಾ ಅಂದರೆ ಅವ್ವನ ತಮ್ಮ. ಲೋಕಾಪುರದ ಕಡೆ ಸುಣ್ಣದಕಲ್ಲಿನ ಕ್ವಾರಿಯಲ್ಲಿ ಡ್ರಿಲ್ ಹಾಕಿ ಮದ್ದು ತುಂಬುವ ಕೆಲಸ, ಹುಡುಗನಾಗಿದ್ದಾಗಿನಿಂದ.

ನನ್ನ ಟ್ಯೂಬಿನ ಸ್ಯಾಂಪಲ್ ಬಂದ ಗುಹೆ ಸಿಕ್ಕಿದ್ದೇ ಅವರಿಂದ. ಕಳೆದ ಡಿಸೆಂಬರಿನಲ್ಲಿ ಡ್ರಿಲ್ಲಿನ ರಾಡು ಇದ್ದಕ್ಕಿದ್ದಂತೆ ಸರ್ರನೆ ಒಳಗೆ ಜಾರಿತಂತೆ. ತೂತಿಗೆ ಕೈ ಇಟ್ಟರೆ ತಂಪು ಗಾಳಿ. ಬೇರೆಯವರಾಗಿದ್ದರೆ ಮದ್ದು ತುಂಬಿ ಬತ್ತಿ ಹಚ್ಚಿ ಚಹಾ ಕುಡಿಯಲು ಹೋಗುತ್ತಿದ್ದರು. ಮಾಮಾ ನನಗೆ ಫೋನ್ ಮಾಡಿದರು. “ಗಂಗವ್ವಾ, ಕಲ್ಲಿನ ಹೊಟ್ಟ್ಯಾಗ ಪೊಳ್ಳ ಐತಿ. ನಿನಗ ಇಂಥಾದ್ದ ಬೇಕಲ್ಲ?”

ರಾತ್ರಿ ಬಸ್ಸು ಹತ್ತಿ ಹೋಗಿದ್ದೆ. ಹಾರೆಯಿಂದ ಬಾಯಿ ಅಗಲ ಮಾಡಿ ಹೊಟ್ಟೆಯ ಮೇಲೆ ತೆವಳಿಕೊಂಡು ಒಳಗೆ. ಹೊರಗಿನ ಗಾಳಿಯನ್ನೇ ಕಾಣದ ಜಾಗ. ಗೋಡೆ ತುಂಬ ಬಿಳಿ, ಒದ್ದೆ, ಮೆತ್ತಗಿನ ಖನಿಜ. ಪುಸ್ತಕದಲ್ಲಿ ಇದಕ್ಕೆ ಮೂನ್‌ಮಿಲ್ಕ್ ಎನ್ನುತ್ತಾರೆ. ಮಾಮಾ ಬೆರಳಲ್ಲಿ ಹಚ್ಚಿ ನೋಡಿ ಕಲ್ಲುಬೆಣ್ಣೆ ಎಂದರು. ಅದೇ ಸರಿಯಾದ ಹೆಸರು. ಸುಣ್ಣ ಹೀಗೆ ಬೆಣ್ಣೆಯಾಗುವುದರಲ್ಲಿ ಸೂಕ್ಷ್ಮಜೀವಿಗಳ ಕೈವಾಡ ಇರಬಹುದು ಎಂಬುದು ಊಹೆ. ನಾಲ್ಕು ಸೀಸೆ ತುಂಬಿಕೊಂಡು ಬಂದೆ.

ಅವತ್ತಿನಿಂದ ಮಾಮಾನ ಪ್ರಶ್ನೆ ಒಂದೇ. ಇವತ್ತೂ ಅದೇ.

“ಜೀವ ಐತೇನವಾ ಅದ್ರಾಗ?”

“ಇನ್ನೂ ಗೊತ್ತಾಗಿಲ್ಲ ಮಾಮಾ.”

“ಆ ಮೂಲಿ ಸದ್ಯಕ್ಕ ಬಿಟ್ಟಾರ. ಅದರ ಪಾಳಿ ಬಂದಾಗ ಮದ್ದು ತುಂಬಾಂವ ನಾನ. ಜೀವ ಇದ್ರ ನಾ ತುಂಬಂಗಿಲ್ಲ ನೋಡ. ಮೊದ್ಲ ಹೇಳು.”

ಡ್ರಿಲ್ಲಿನ ತೂತಿನಲ್ಲಿ ಹಾವು ಕಂಡರೆ ಕೋಲಿನಲ್ಲಿ ಎತ್ತಿ ಹೊಲಕ್ಕೆ ಬಿಟ್ಟು ಬರುವ ಮನುಷ್ಯ. ಕ್ವಾರಿಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ನಾನೂ ನಕ್ಕುಬಿಟ್ಟೆ.

ಸೆಪ್ಟೆಂಬರ್ 24

ಹರ್ಷವರ್ಧನ್ ಸರ್ ಕರೆದರು. ಪ್ರಾಜೆಕ್ಟು ಅವರದು. ಜಾಗ ಮಾತ್ರ ಮುಲಾಮು ಮಾಡುವ ಕಂಪನಿಯದು — ಅವರ ಹಿಂದಿನ ಶೆಡ್ಡಿನಲ್ಲಿ ನಾವು ಮೂವರು, ಒಂದು ಇನ್‌ಕ್ಯುಬೇಟರು, ಮತ್ತು ದಿನವಿಡೀ ಮೆಂಥಾಲ್ ವಾಸನೆ.

“ಜನವರಿಗೆ ರಿವ್ಯೂ ಇದೆ ಶಿವಗಂಗಾ. ಏನಾದ್ರೂ ತೋರಿಸ್ಬೇಕು. ಎನಿಥಿಂಗ್.”

ಹೇಳುತ್ತ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದರು. ಪಾಪ, ಕೆಟ್ಟವರಲ್ಲ.

ಅಕ್ಟೋಬರ್ 9

ಹೊಸ ಯೋಚನೆ. ಇಷ್ಟು ದಿನ ಟ್ಯೂಬಿನಲ್ಲಿ ಆಹಾರ ಜಾಸ್ತಿ ಹಾಕಿದೆನೇನೋ. ಕಲ್ಲಿನೊಳಗೆ ಉಪವಾಸ ಬಿದ್ದವಕ್ಕೆ ಮದುವೆ ಊಟ ಬಡಿಸಿದರೆ ಸಾಯದೆ ಇನ್ನೇನು? ಈ ಸಲ ತೀರಾ ತೆಳು. ರೋಗಿಯ ಗಂಜಿ.

ಸಂಜೆಯವರೆಗೆ ಗಂಜಿ ಮಾಡಿದೆ. ಕಲ್ಲುಬೆಣ್ಣೆ ಹಾಕದ ಬರೀ ಗಂಜಿಯ ಟ್ಯೂಬುಗಳನ್ನೂ ಇವತ್ತೇ ತುಂಬಿಟ್ಟೆ. ಅವು ಕೊನೆಯವರೆಗೂ ತಿಳಿಯಾಗಿಯೇ ಇರಬೇಕು. ಹಾಗಿದ್ದರೆ ಮಾತ್ರ ಉಳಿದವುಗಳಲ್ಲಿ ಬೆಳೆದದ್ದು ಗುಹೆಯಿಂದ ಬಂದದ್ದು ಎಂದು ಅರ್ಥ. ಎರಡು ಸೀಸೆ ಮುಗಿದಿವೆ. ಮೂರನೆಯದನ್ನು ಹಬ್ಬ ಕಳೆದು ತೆಗೆಯುತ್ತೇನೆ.

ಅಕ್ಟೋಬರ್ 10. ಗುರುವಾರ

ನಾಳೆಯಿಂದ ರಜೆ, ಹಾಗಾಗಿ ಆಯುಧ ಪೂಜೆ ಇವತ್ತೇ. ಮೇಂಟೆನೆನ್ಸ್ ವೆಂಕಟೇಶಪ್ಪನವರು ಪಂಚೆ ಉಟ್ಟು ಬಂದಿದ್ದರು, ಗುರುತೇ ಸಿಗಲಿಲ್ಲ. ಮುಲಾಮಿನ ಯಂತ್ರಗಳಿಗೆಲ್ಲ ಬಾಳೆಕಂದು, ಚೆಂಡುಹೂವು. ಗೇಟಿನಲ್ಲಿ ಬೂದುಗುಂಬಳ ಒಡೆದರು. ಕಡ್ಲೆಪುರಿ, ಸ್ವೀಟ್ ಬಾಕ್ಸ್.

ನಮ್ಮ ಶೆಡ್ಡಿನ ಪೂಜೆ ವನಜಾಳದು. ಗಾಜು ತೊಳೆಯುವುದರಿಂದ ಹಿಡಿದು ಎಲ್ಲಕ್ಕೂ ಅವಳೇ. ಮೈಕ್ರೋಸ್ಕೋಪಿಗೆ ಹಣೆ ಎಲ್ಲಿ ಎಂದು ಸ್ವಲ್ಪ ಹುಡುಕಿ ಅರಿಸಿನ ಕುಂಕುಮ ಇಟ್ಟಳು. ಇನ್‌ಕ್ಯುಬೇಟರಿಗೆ ಇಟ್ಟಳು. ಪಿಪೆಟ್ಟುಗಳನ್ನು ಸಾಲಾಗಿ ಮಲಗಿಸಿ ಒಂದೊಂದಕ್ಕೂ ಇಟ್ಟಳು.

“ಇವಕ್ಕೂ ಯಾಕೇ?” ಅಂದೆ.

“ದಿನಾ ಕೈಯಲ್ಲಿ ಇರೋದು ಇವೇ ಅಲ್ವಾ ಮೇಡಂ. ಅನ್ನ ಕೊಡೋದೇ ಇವು.”

ಮಂಗಳಾರತಿ ಆಯಿತು. ನಾನೂ ಕಣ್ಣು ಮುಚ್ಚಿ ಕೈ ಮುಗಿದೆ. ನಿಜವಾಗಿ ಬೇಡಿಕೊಂಡೆ — ಒಂದಾದರೂ ಬೆಳೆಯಲಿ.

ಅಕ್ಟೋಬರ್ 14. ಸೋಮವಾರ

ಎಲ್ಲವನ್ನೂ ಸ್ಪಿರಿಟ್ಟಿನಲ್ಲಿ ಒರೆಸಿದೆ. ಮೂರನೆಯ ಸೀಸೆ ತೆರೆದೆ. ಹೊಸ ಟ್ಯೂಬುಗಳಿಗೆ ಹಾಕಿದೆ. ಕತ್ತಲಲ್ಲಿ ಇಟ್ಟೆ. ಇನ್ನು ಕಾಯುವುದು.

ಅಕ್ಟೋಬರ್ 29. ಬೆಳಿಗ್ಗೆ 9.40

ಮಬ್ಬು!

ಮೊದಲು ಕನ್ನಡಕ ಒರೆಸಿಕೊಂಡೆ. ಆಮೇಲೆ ಟ್ಯೂಬು ಒರೆಸಿದೆ. ಮಬ್ಬು ಒಳಗೇ ಇದೆ.

ಮಧ್ಯಾಹ್ನ

ಒಂದಲ್ಲ, ಹೆಚ್ಚುಕಡಿಮೆ ಎಲ್ಲದರಲ್ಲೂ. ಬರೀ ಗಂಜಿಯ ಟ್ಯೂಬುಗಳು ತಿಳಿಯಾಗಿಯೇ ಇವೆ. ಮೈಕ್ರೋಸ್ಕೋಪಿನಲ್ಲಿ ಸಣ್ಣ ಸಣ್ಣ ಕಡ್ಡಿಗಳು — ಓಡಾಡುತ್ತಿವೆ. ಸುತ್ತ ಸುಣ್ಣದ ಹರಳು ಕಟ್ಟಿಕೊಳ್ಳುತ್ತಿವೆ. ನನ್ನ ಕಣ್ಣೆದುರು ಕಲ್ಲು ಹುಟ್ಟುತ್ತಿದೆ. ವನಜಾಳನ್ನು ಕರೆದು ತೋರಿಸಿದೆ. “ಅಯ್ಯೋ ಮೇಡಂ, ಎಷ್ಟ್ ಚುರುಕಾಗವೆ!” ಅಂದಳು. ಇಬ್ಬರೂ ಸೇರಿ ಸರ್ ಕ್ಯಾಬಿನ್ನಿಗೆ ಓಡಿದೆವು. ಓಡಿ ಯಾವ ಕಾಲವಾಗಿತ್ತೋ.

ಸಂಜೆ ಮಾಮಾನಿಗೆ ಫೋನ್. “ಐತಿ ಮಾಮಾ. ಜೀವ ಐತಿ!”

 

“ನಾ ಹೇಳಿದ್ನಿಲ್ಲೋ,” ಅಂದರು.

ನವೆಂಬರ್ 4

ಹಬ್ಬ ಮುಗಿಯಿತು. ಸರ್ ರಿವ್ಯೂ ಕಮಿಟಿಗೆ ಮೇಲ್ ಹಾಕಿದ್ದಾರೆ. ಸ್ಲೈಡಿನ ಮೇಲೆ ದಪ್ಪಕ್ಷರ — ಹೊರಗಾಳಿ ಕಾಣದ ಗುಹೆಯಲ್ಲಿ ಖನಿಜ ಕಟ್ಟುವ ಜೀವಿ. ಹುಳದ ಜಾತಿ ಯಾವುದೆಂದು ತಿಳಿಯಲು ಡಿಎನ್‌ಎ ಓದಿಸಬೇಕು, ಸ್ಯಾಂಪಲ್ ಕಳಿಸಿದೆ. ಹೊಸ ಜಾತಿಯಾಗಿದ್ದರೆ ಹೆಸರಿಡುವ ಹಕ್ಕು ನಮ್ಮದು. ಮಾಮಾನ ಹೆಸರು ಇಡುವ ಆಸೆ. ಯಾರಿಗೂ ಹೇಳಿಲ್ಲ.

ನವೆಂಬರ್ 24. ಭಾನುವಾರ

ಮಾಮಾ ಬೆಂಗಳೂರಿನಲ್ಲಿದ್ದಾರೆ. ಬಂದು ಆಗಲೇ ವಾರದ ಮೇಲಾಯಿತಂತೆ. ಬಾಗಲಗುಂಟೆಯಲ್ಲಿ, ನಮ್ಮೂರಿನ ಯಮನೂರನ ರೂಮಿನಲ್ಲಿ. ಪೀಣ್ಯದ ಯಾವುದೋ ಫ್ಯಾಕ್ಟರಿಯಲ್ಲಿ ತಗಡು ಇಳಿಸುವ ಕೆಲಸ. ಈ ವಯಸ್ಸಿನಲ್ಲಿ.

ಫೋನಿನಲ್ಲಿ ಸಮಾಧಾನವಾಗಿಯೇ ಹೇಳಿದರು. ಆ ಮೂಲೆಯ ಪಾಳಿ ಬಂತಂತೆ. ಮ್ಯಾನೇಜರ್ ಮದ್ದು ತುಂಬು ಅಂದನಂತೆ. ಇವರು ಆಗುವುದಿಲ್ಲ, ಒಳಗೆ ಜೀವ ಇದೆ, ನನ್ನ ಅಕ್ಕನ ಮಗಳು ದುರ್ಬೀನಿನಲ್ಲಿ ನೋಡಿದ್ದಾಳೆ ಅಂದರಂತೆ. ಎಲ್ಲರೂ ನಕ್ಕರಂತೆ. ಜೊತೆಯ ಮಲಕಪ್ಪ ತುಂಬಿದ. ಗುಹೆ ಹೋಯಿತು. ನಾಳೆಯಿಂದ ಬರಬೇಡ ಎಂದು ಇವರನ್ನೂ ಕಳಿಸಿದರು.

“ನನ್ನ ಕೈಯಿಂದ ಆಗಲಿಲ್ಲ ನೋಡವಾ. ಅಷ್ಟ ಸಾಕು ನನಗ.”

ಅತ್ತುಬಿಟ್ಟೆ. ಗುಹೆಗೋ ಮಾಮಾನಿಗೋ ಗೊತ್ತಿಲ್ಲ. ಆದರೆ ಸುಳ್ಳೇಕೆ, ಒಳಗೊಳಗೆ ಹೆಮ್ಮೆಯೂ ಆಯಿತು. ನಾನು ಕಂಡುಹಿಡಿದದ್ದನ್ನು ನಂಬಿ ಒಬ್ಬ ಮನುಷ್ಯ ಮೂವತ್ತು ವರ್ಷದ ಕೆಲಸ ಬಿಟ್ಟ.

ಡಿಸೆಂಬರ್ 16

ಡಿಎನ್‌ಎ ರಿಪೋರ್ಟ್ ಬಂತು.

ಬ್ಯಾಸಿಲಸ್. ಮಾಮೂಲಿ ಬ್ಯಾಸಿಲಸ್. ಮಣ್ಣಿನಲ್ಲಿ, ಧೂಳಿನಲ್ಲಿ, ಮಸಾಲೆ ಡಬ್ಬಿಯಲ್ಲಿ, ಎಲ್ಲಿ ಬೇಕಾದರೂ ಸಿಗುವಂಥದ್ದು. ಸುಣ್ಣ ಇದ್ದ ಕಡೆ ಇದೂ ಹರಳು ಕಟ್ಟುತ್ತದೆ.

ಗುಹೆಯಲ್ಲೂ ಇರಬಾರದೇಕೆ? ಇರಬಹುದು. ಇರಬಹುದು. ಮನೆಗೆ ಬರುವವರೆಗೂ ಹಾಗೆಯೇ ಹೇಳಿಕೊಂಡೆ.

ಡಿಸೆಂಬರ್ 17

ಪಿಪೆಟ್ಟು ಬಿಚ್ಚಿದೆ. ಹಿಡಿಯ ಕೆಳಗೆ ಜೋಡಣೆಯ ಸಂದಿಯಲ್ಲಿ ಹಳದಿ. ಗುಂಡುಸೂಜಿಯಲ್ಲಿ ಕೆರೆದರೆ ಉದುರುವಷ್ಟು.

ಬರೀ ಗಂಜಿಯ ಟ್ಯೂಬು ತುಂಬಿದ್ದು ಪೂಜೆಯ ಹಿಂದಿನ ದಿನ. ಕಲ್ಲುಬೆಣ್ಣೆ ಹಾಕಿದ್ದು ಪೂಜೆ ಆದ ಮೇಲೆ. ಪಿಪೆಟ್ಟು ಅದೇ.

ಸ್ಪಿರಿಟ್ಟಿಗೆ ಬ್ಯಾಸಿಲಸ್ಸಿನ ಬೀಜ ಸಾಯುವುದಿಲ್ಲ. ಟ್ರೇನಿಂಗಿಗೆ ಬರುವ ಹುಡುಗಿಯರಿಗೆ ಮೊದಲನೆಯ ದಿನ ನಾನು ಹೇಳಿಕೊಡುವ ಪಾಠ ಇದು.

ಡಿಸೆಂಬರ್ 21

ಸಂದಿಯ ಹಳದಿಯನ್ನು ಬೆಳೆಸಿದೆ. ವನಜಾಳ ಅರಿಸಿನದ ಪೊಟ್ಟಣದಿಂದಲೂ ಒಂದು ಚಿಟಿಕೆ. ಅವೇ ಕಡ್ಡಿಗಳು. ಅದೇ ಓಡಾಟ. ಡಿಎನ್‌ಎ ಓದಿಸಿದರೂ ಅದೇ ಬರುತ್ತದೆ, ಅನುಮಾನವಿಲ್ಲ.

ವನಜಾಳಿಗೆ ಹೇಳಲಿಲ್ಲ. “ಏನ್ ಮೇಡಂ, ಪೂಜೆ ಸಾಮಾನು ಕೇಳ್ತಾ ಇದೀರ, ಮನೇಲಿ ಏನಾದ್ರೂ ವಿಶೇಷನಾ?” ಎಂದು ಕೇಳಿದಳು. ಇಲ್ಲ ಅಂದೆ. ಅವಳು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ಪಕ್ಕದಲ್ಲಿ ಕೈ ಮುಗಿದು ನಿಂತವಳು ನಾನು.

ಡಿಸೆಂಬರ್ 23

ಸರ್‌ಗೆ ಹೇಳಿದೆ. ಬಹಳ ಹೊತ್ತು ಫ್ಯಾನ್ ನೋಡುತ್ತ ಕೂತರು.

“ಪ್ರಿಲಿಮಿನರಿ ಅಂತ ಬಿಟ್ಬಿಡೋಣ ಶಿವಗಂಗಾ. ಗುಹೆನೇ ಇಲ್ವಲ್ಲ. ಯಾರು ಹೋಗಿ ಚೆಕ್ ಮಾಡ್ತಾರೆ?”

ರಿಪೋರ್ಟನ್ನು ಅವರ ಮೇಜಿನ ಮೇಲೆ ಇಟ್ಟು ಬಂದೆ. ಸಂಜೆ ಮೇಲ್ ಕಾಪಿ ಬಂತು. ಫಲಿತಾಂಶ ವಾಪಸ್ ತೆಗೆದುಕೊಂಡಿದ್ದೇವೆ, ಕಾರಣ ಕಲಬೆರಕೆ. ಕೆಳಗೆ ಅವರ ಹೆಸರೊಂದೇ. ನನ್ನದು ಹಾಕಿರಲಿಲ್ಲ. ಇಷ್ಟು ದಿನ ಅವರನ್ನು ಎಷ್ಟು ಹಗುರವಾಗಿ ತಿಳಿದಿದ್ದೆ.

ಮಾರ್ಚ್ ಕೊನೆಯವರೆಗೆ ಪ್ರಾಜೆಕ್ಟು ಎಳೆಯಬಹುದಂತೆ. ನಾಲ್ಕನೆಯ ಸೀಸೆ ಇದೆ. ಅದರಲ್ಲಿ ಏನಾದರೂ ಬೆಳೆದರೆ ಮಾಮಾನಿಗೆ ನಾನು ಹೇಳಿದ್ದು ನಿಜವಾಗುತ್ತದೆ. ತಡವಾಗಿಯಾದರೂ ನಿಜವಾಗುತ್ತದೆ.

ಜನವರಿ 6, 2025

ಹೊಸ ಪಿಪೆಟ್ಟು. ಎಲ್ಲವೂ ಆವಿಯಲ್ಲಿ ಬೆಂದವು. ಬರೀ ಗಂಜಿಯ ಟ್ಯೂಬು ಮೊದಲೂ, ನಡುವೆಯೂ, ಕೊನೆಯಲ್ಲೂ ತುಂಬಿದೆ. ಅರ್ಧ ಸೀಸೆ ಬೆಳೆಸಲು, ಇನ್ನರ್ಧದಿಂದ ನೇರವಾಗಿ ಡಿಎನ್‌ಎ ತೆಗೆಯಲು.

ಬೆಳಿಗ್ಗೆ ಹಣೆಗೆ ಕುಂಕುಮ ಇಡದೆ ಹೊರಟೆ. ಕೃಷ್ಣಮ್ಮ ಗೇಟಿನಲ್ಲೇ ಬಯ್ದರು. “ಇದ್ಯಾಕವ್ವಾ ಬೋಳು ಅಣೇಲಿ ಓಗ್ತಿದೀಯ? ಒಳ್ಳೇ ಮನೆ ಎಣ್ಮಗಳಲ್ವಾ?”

ಜನವರಿ 14. ಸಂಕ್ರಾಂತಿ

ಮಾಮಾನ ಫೋನ್. ತಗಡಿನ ಅಂಚು ಅಂಗೈ ಕುಯ್ದಿದೆಯಂತೆ, ದೊಡ್ಡದೇನಲ್ಲವಂತೆ. ಫ್ಯಾಕ್ಟರಿಯಲ್ಲಿ ಎಲ್ಲರಿಗೂ ನನ್ನ ವಿಷಯ ಹೇಳಿದ್ದಾರಂತೆ. “ಸೂಪರ್‌ವೈಜರ್ ಸೈತ ಕೇಳಿದಾ — ಹೌದೇನ್ರೀ ಯಜಮಾನ್ರ, ಕಲ್ಲಾಗ ಜೀವ ಇರತೈತೇನು ಅಂತ. ಇರತೈತಿ, ನಮ್ಮ ಹುಡುಗಿ ನೋಡ್ಯಾಳ ಅಂದೆ.”

ಹೇಳಬೇಕಿತ್ತು. ಎಳ್ಳು ಬೆಲ್ಲ ತಿಂದಿರಾ ಎಂದು ಕೇಳಿ ಇಟ್ಟುಬಿಟ್ಟೆ. ಹೇಡಿ.

ಫೆಬ್ರವರಿ 10

ತಿಳಿ.

ಮಾರ್ಚ್ 3

ತಿಳಿ. ಇನ್ನರ್ಧದಿಂದ ಡಿಎನ್‌ಎ ಎಷ್ಟು ತೆಗೆದರೂ ಯಂತ್ರ ಓದುವಷ್ಟು ಸಿಗಲಿಲ್ಲ. ಇಲ್ಲವೇ ಇಲ್ಲ ಎಂದಲ್ಲ, ಸಿಗಲಿಲ್ಲ. ಈ ಎರಡರ ನಡುವಿನ ವ್ಯತ್ಯಾಸ ನನಗೆ ಗೊತ್ತು. ಅದನ್ನು ಹಿಡಿದುಕೊಂಡು ಈಗ ಏನು ಮಾಡಲಿ?

ಸೀಸೆ ಖಾಲಿ.

ಮಾರ್ಚ್ 28

ಶೆಡ್ಡು ಖಾಲಿ ಮಾಡಿದೆವು. ಸರ್ ವೈಟ್‌ಫೀಲ್ಡಿನ ಒಂದು ಕಾಲೇಜಿಗೆ ಪಾಠ ಹೇಳಲು ಹೋಗುತ್ತಾರೆ. ವನಜಾ ಮುಲಾಮಿನ ಪ್ಯಾಕಿಂಗಿಗೆ. ನನಗೂ ಕಂಪನಿಯವರೇ ಕೆಲಸ ಕೊಟ್ಟಿದ್ದಾರೆ — ಕ್ವಾಲಿಟಿ ಸೆಕ್ಷನ್. ಮುಲಾಮಿನಲ್ಲಿ ಹುಳ ಇಲ್ಲ ಎಂದು ಸರ್ಟಿಫೈ ಮಾಡುವುದು. ಇಲ್ಲಿ ‘ನೋ ಗ್ರೋತ್’ ಬರೆದರೆ ಎಲ್ಲರಿಗೂ ಸಂತೋಷ.

ಟ್ಯೂಬುಗಳನ್ನು ನಾನೇ ತೊಳೆದೆ. ವನಜಾಳಿಗೆ ಬಿಡಲಿಲ್ಲ.

ಏಪ್ರಿಲ್ 6. ಭಾನುವಾರ

ಬಾಗಲಗುಂಟೆಗೆ ಹೋದೆ. ಮೆಜೆಸ್ಟಿಕ್ಕಿನ ತನಕ ಬಸ್ಸು, ಅಲ್ಲಿಂದ ಮೆಟ್ರೋ. ದಾಸರಹಳ್ಳಿಯಲ್ಲಿ ಇಳಿದಾಗ ಮಾಮಾ ನಿಂತಿದ್ದರು. ಬಿಳಿ ಅಂಗಿ. ತುಂಬ ಸೊರಗಿದ್ದಾರೆ.

ರೂಮಿನ ಮೇಲೆ ತಗಡಿನ ಶೀಟು. ನಾಲ್ಕು ಜನರ ಹಾಸಿಗೆ ಗೋಡೆಯ ಬದಿಗೆ ಸುತ್ತಿಟ್ಟಿತ್ತು. ಯಮನೂರ ಶಿಫ್ಟಿಗೆ ಹೋಗಿದ್ದ. ಪಕ್ಕದ ರೂಮಿನ ಬಸಕ್ಕ ರೊಟ್ಟಿ, ಪುಂಡಿಪಲ್ಲೆ ತಂದುಕೊಟ್ಟಳು. ಮಾಮಾ ಅವಳಿಗೆ ನನ್ನನ್ನು ತೋರಿಸಿದರು. “ಇಕೀನ ನಮ್ಮ ಗಂಗಾ. ಕಲ್ಲಾಗ ಜೀವ ಹುಡುಕಿದಾಕಿ.” ಬಸಕ್ಕ ನನ್ನ ಮುಖವನ್ನೇ ನೋಡಿದಳು. ಹಿಡಿದ ತುತ್ತನ್ನು ತಟ್ಟೆಗೇ ಇಟ್ಟೆ.

ಅವಳು ಹೋದ ಮೇಲೆ ಹೇಳಿದೆ.

“ಮಾಮಾ, ಅದು ಗವಿಯಾಗಿನ ಜೀವ ಅಲ್ಲ. ಅರಿಸಿನದ್ದು.”

“ಅರಿಸಿನದ್ದಾ?”

“ಆಯುಧ ಪೂಜಿ ದಿನ ಸಾಮಾನಿಗೆಲ್ಲಾ ಹಚ್ಚಿದ್ವಿ. ಅದ್ರಾಗಿನ ಹುಳ ಟ್ಯೂಬಿನಾಗ ಬಿದ್ದು ಬೆಳದಾವ. ನನಗ ಡಿಸೆಂಬರ್‌ದಾಗ ಗೊತ್ತಾತು. ಹೇಳಲಿಲ್ಲ.”

ತಟ್ಟೆ ಕೆಳಗಿಟ್ಟರು. ಹೊರಗೆ ಯಾರೋ ನೀರಿನ ಟ್ಯಾಂಕರಿಗೆ ಜಗಳಾಡುತ್ತಿದ್ದರು.

“ಇನ್ನೊಂದು ಸೀಸೆ ಇತ್ತಲ್ಲ?”

“ಅದ್ರಾಗ ಏನೂ ಬೆಳೀಲಿಲ್ಲ.”

“ಬೆಳೀಲಿಲ್ಲ ಅಂದ್ರ ಇದ್ದಿದ್ದಿಲ್ಲ ಅಂತ ಆತೇನು?”

“ಹಂಗ ಹೇಳಾಕ ಬರಂಗಿಲ್ಲ ಮಾಮಾ. ಎಷ್ಟೋ ಜೀವ ಟ್ಯೂಬಿನಾಗ ಬೆಳಿಯೂದಿಲ್ಲ.”

“ಅಂದ್ರ ಇದ್ದರೂ ಇದ್ದಿರಬಹುದು.”

“ಇದ್ದಿರಬಹುದು. ಇಲ್ಲದೆನೂ ಇದ್ದಿರಬಹುದು.”

“ಇನ್ನ ನೋಡೂಣಂದ್ರ ಗವೀನ ಇಲ್ಲ.”

“ಇಲ್ಲ.”

ಅಂಗೈಯ ಹಳೆಯ ಗಾಯವನ್ನು ಹೆಬ್ಬೆರಳಲ್ಲಿ ಒತ್ತಿಕೊಳ್ಳುತ್ತ ಕೂತರು. ಬಯ್ಯಲಿಲ್ಲ. ಬಯ್ದಿದ್ದರೆ ಕಾಲಿಗೆ ಬೀಳುತ್ತಿದ್ದೆ. “ಪಲ್ಲೆ ತಿನ್ನು, ಆರತೈತಿ,” ಎಂದರು ಅಷ್ಟೇ. ಆಮೇಲೆ ಸ್ಟೇಷನ್ನಿನ ತನಕ ಜೊತೆಗೆ ಬಂದು, ನನ್ನ ಬ್ಯಾಗು ತಾವೇ ಹಿಡಿದುಕೊಂಡು, ಮೆಟ್ಟಿಲ ಹತ್ತಿರ ಕೊಟ್ಟರು. ನನ್ನ ಮೇಲೆ ನನಗೇ ಅಸಹ್ಯ. ಆ ಒಂದು ಸಂಜೆ ಒಂದು ರಿಪೋರ್ಟಿಗೆ ಕಾಯಲಾಗದೆ, ಖುಷಿ ತಡೆಯಲಾರದೆ ಫೋನ್ ಮಾಡಿದೆನಲ್ಲ.

ಏಪ್ರಿಲ್ 8. ಬೆಳಿಗ್ಗೆ

ಲ್ಯಾಬಿಗೆ ಹೊರಡುವಾಗ ಮಾಮಾನ ಫೋನ್. ಎತ್ತಲು ಕೈ ಬರಲಿಲ್ಲ. ಮತ್ತೆ ಬಂತು. ಎತ್ತಿದೆ.

ಬಸ್‌ಸ್ಟ್ಯಾಂಡಿನ ಗಲಾಟೆ. ಊರಿಗೆ ಹೊರಟಿದ್ದಾರೆ. ಕ್ವಾರಿಯಲ್ಲಿ ಮದ್ದಿನ ಕೆಲಸಕ್ಕೆ ಜನ ಇಲ್ಲವಂತೆ. ಮಲಕಪ್ಪನೇ ಫೋನ್ ಮಾಡಿ ಬಾ ಅಂದನಂತೆ. ಮ್ಯಾನೇಜರ್ ಕೂಡ ಒಪ್ಪಿದ್ದಾನೆ, ತಪ್ಪಾಯಿತು ಎಂದು ಹೇಳಿದರೆ ಸಾಕಂತೆ.

“ಹೇಳ್ತೀನಿ. ಹೇಳಾಕೇನ. ನನಗ ಬರೂದು ಅದೊಂದ ಕೆಲಸ.”

ದನಿಯಲ್ಲಿ ಸಿಟ್ಟಿಲ್ಲ. ಅದೇ ತಡೆಯಲಾಗುತ್ತಿಲ್ಲ.

“ಒಂದ್ ಮಾತ ಕೇಳ್ತೀನಿ ಗಂಗವ್ವಾ. ಮುಂದ ಹಂಗ ಮತ್ತೊಂದ್ ಪೊಳ್ಳ ಹತ್ತಿದ್ರ ನಿನಗ ಫೋನ್ ಮಾಡ್ಲ್ಯೋ, ಸುಮ್ಮನ ಮದ್ದು ತುಂಬ್ಲ್ಯೋ?”

ಕಂಡಕ್ಟರ್ ಬಾಗಲಕೋಟೆ, ಬಾಗಲಕೋಟೆ ಎಂದು ಕೂಗುತ್ತಿದ್ದ.

“ಹೇಳವಾ. ಬಸ್ ಬಿಡಾಕತ್ತೈತಿ.”

“ಫೋನ್ ಮಾಡ್ರಿ ಮಾಮಾ,” ಅಂದೆ. “ಈ ಸಲ ಖಾತ್ರಿ ಆಗೂತನಕ ನಾ ಏನೂ ಹೇಳಂಗಿಲ್ಲ.”